ಎಡಗೈ ಹಿಡಿದದ್ದು

ಗಂಟೆ ಎರೆಯುವ ಕಂಚುಗಾರರಲ್ಲಿ ಹೆಣ್ಣು ನೋಡಲು ಹುಡುಗ ಬರುವುದಿಲ್ಲ. ಹುಡುಗನ ಮನೆಯ ಹಿರಿಯರು ಬರುತ್ತಾರೆ. ಬಂದವರು ಹುಡುಗಿಯ ಮುಖವನ್ನು ಹೆಚ್ಚು ನೋಡುವುದಿಲ್ಲ. ಕಾರ್ಖಾನೆಯ ಗೋಡೆಗೆ ಒರಗಿ ಕುಳಿತು, ಅವಳು ಒಂದು ಅಚ್ಚಿಗೆ ಮಣ್ಣು ಮೆತ್ತುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತಾರೆ. ಕೆಲಸ ಮುಗಿಯುವ ತನಕ ಮಾತನಾಡುವಂತಿಲ್ಲ. ಒಪ್ಪಿಗೆಯಾದರೆ ಹಿರಿಯರು ಎದ್ದು ಬಂದು ಕೊನೆಯ ಹಿಡಿ ಮಣ್ಣನ್ನು ತಾವೇ ಮೆತ್ತುತ್ತಾರೆ. ಒಪ್ಪಿಗೆಯಾಗದಿದ್ದರೆ ಮಣ್ಣು ಮುಟ್ಟದೆ ಹೊರಟುಹೋಗುತ್ತಾರೆ. ಇದಕ್ಕೆ ಕೈ ನೋಡುವುದು ಎಂದು ಹೆಸರು.

ನನ್ನ ಅಣ್ಣನ ಮಗಳ ಕೈ ನೋಡಲು ಯಜಮಾನರೇ ಬರುತ್ತಾರೆಂದು ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಸಂತೋಷಕ್ಕಿಂತ ಮೊದಲು ಭಯ ಹುಟ್ಟಿತು. ಯಜಮಾನರೆಂದರೆ ಕಂಚುಗಾರರ ಮನೆಗಳಲ್ಲೆಲ್ಲ ಹಳೆಯ ಕುಲುಮೆಯ ಒಡೆಯರು. ಹುಡುಗ ಅವರ ಮೊಮ್ಮಗ. ಹಿಂದಿನ ವರ್ಷ ಅವರು ಇದೇ ಮೊಮ್ಮಗನಿಗಾಗಿ ನನ್ನ ಅತ್ತಿಗೆಯ ತವರಿಗೆ ಹೋಗಿದ್ದರು. ಅತ್ತಿಗೆಯ ಅಣ್ಣನ ಮಗಳು ಮಣ್ಣು ಮೆತ್ತಿ ಮುಗಿಸುವ ಮೊದಲೇ ಎದ್ದು, “ಇದು ಕಂಚುಗಾರರ ಕೈ ಅಲ್ಲ” ಎಂದಷ್ಟೇ ಹೇಳಿ, ಚಪ್ಪಲಿ ಮೆಟ್ಟಿ ನಡೆದಿದ್ದರು. ಕಾರಣ ಕೊಡಲಿಲ್ಲ, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆ ಒಂದು ಮಾತಿನ ಪರಿಣಾಮವನ್ನು ನಾವು ಕಣ್ಣಾರೆ ಕಂಡಿದ್ದೆವು. ದೊಡ್ಡ ಗಂಟೆಯನ್ನು ಒಂದು ಮನೆಯವರೇ ಎರೆಯಲಾರರು. ಹಲವು ಮನೆಗಳ ಮೂಸೆಗಳಲ್ಲಿ ಕಂಚು ಕರಗಿ, ಒಂದೇ ಉಸಿರಿನಲ್ಲಿ ಒಂದೇ ಅಚ್ಚಿಗೆ ಇಳಿಯಬೇಕು. ಅತ್ತಿಗೆಯ ತವರಿಗೆ ಮೂಸೆ ಹಿಡಿದು ಬರುವವರು ಇಲ್ಲವಾದರು. ದೊಡ್ಡ ಗಂಟೆ ಎರೆಯುತ್ತಿದ್ದ ಮನೆ ಈಗ ದನದ ಕೊರಳಿಗೆ ಕಟ್ಟುವ ಗಂಟೆ ಎರೆಯುತ್ತಿತ್ತು. ಹುಡುಗಿಯನ್ನು ಮತ್ತೆ ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲೂ ಯಜಮಾನರು ಮಣ್ಣು ಮುಟ್ಟದೆ ಎದ್ದರೆ ಇದೇ ಗತಿ.

ನಾನು ಶಾಲೆಯಲ್ಲಿ ಲೆಕ್ಕ ಕಲಿಸಿದವನು. ಮನೆಯಲ್ಲಿ ತಾಮ್ರವನ್ನೂ ತವರವನ್ನೂ ತೂಗಿ ಪಾಲು ಹಾಕುವುದು ಮಾತ್ರ ನನ್ನ ಕೆಲಸ. ಮಣ್ಣಿನ ಕೆಲಸ ನನಗೆ ಕೂಡಿಬರಲಿಲ್ಲ. ಆದರೆ ಹುಟ್ಟಿದಂದಿನಿಂದ ನೋಡಿದ್ದೇನೆ. ಅದು ಹೀಗೆ: ಮೊದಲು ಮಣ್ಣಿನಲ್ಲಿ ಗಂಟೆಯ ಒಳಗಿನ ಆಕಾರ ಮಾಡಿ ಒಣಗಿಸಬೇಕು. ಅದರ ಮೇಲೆ ಮೇಣವನ್ನು ಗಂಟೆಯ ದಪ್ಪಕ್ಕೆ ಹೊದಿಸಬೇಕು. ಮೇಣದ ಮೇಲೆ ಮತ್ತೆ ಮಣ್ಣು. ಬೆಂಕಿಗಿಟ್ಟಾಗ ಮೇಣ ಕರಗಿ ಹರಿದುಹೋಗುತ್ತದೆ. ಮೇಣ ಬಿಟ್ಟುಹೋದ ಟೊಳ್ಳಿಗೆ ಕಂಚು ಇಳಿಯುತ್ತದೆ. ಇಲ್ಲವಾದದ್ದರ ಆಕಾರವೇ ಗಂಟೆ. ಇಷ್ಟು ವಯಸ್ಸಾದರೂ ಅದನ್ನು ನೋಡಲು ನಾನು ಕೈಲಿದ್ದ ತಕ್ಕಡಿ ಬಿಟ್ಟು ಎದ್ದು ಬರುತ್ತೇನೆ.

ಕಷ್ಟವಿರುವುದು ಹೊರಗಿನ ಮಣ್ಣಿನಲ್ಲಿ. ಸಡಿಲವಾದರೆ ಕಂಚು ಒಡೆದು ಹೊರಬರುತ್ತದೆ. ಬಿಗಿಯಾದರೆ ಕೆಳಗಿನ ಮೇಣ ನೆಗ್ಗುತ್ತದೆ. ನಮ್ಮ ಮನೆಯಲ್ಲಿ ಆ ಮಣ್ಣನ್ನು ತಟ್ಟುತ್ತೇವೆ. ಬಲಗೈಯ ಅಂಗೈ ಅಚ್ಚಿನ ಮೇಲೆ ಬೀಳುವಾಗ ಎಡಗೈ ಮುಷ್ಟಿ ಕಟ್ಟಿ, ಅಚ್ಚಿನ ಪಕ್ಕದಲ್ಲಿ ಬರಿಯ ಗಾಳಿಗೆ ಒಂದು ಪೆಟ್ಟು ಹಾಕುತ್ತದೆ. ಬಲಗೈ ಎಲ್ಲಿಗೆ ಸರಿದರೂ ಮುಷ್ಟಿ ನೆರಳಿನಂತೆ ಅದರ ಎದುರಿಗೆ ಸರಿಯುತ್ತದೆ. ಅಮ್ಮ ಹಾಗೆ ತಟ್ಟುತ್ತಿದ್ದಳು, ಅಪ್ಪ ಹಾಗೆ ತಟ್ಟುತ್ತಿದ್ದರು, ಅಣ್ಣ ಹಾಗೆ ತಟ್ಟುತ್ತಾನೆ. ಕಂಚುಗಾರಿಕೆಯೆಂದರೆ ಹಾಗೆಯೇ ಎಂದು ನಾವು ತಿಳಿದಿದ್ದೆವು. ಅತ್ತಿಗೆಯ ತವರಿನವರು ತಟ್ಟುವುದಿಲ್ಲ, ಹೆಬ್ಬೆರಳಿನಿಂದ ಒತ್ತುತ್ತಾರೆ. ಎಡಗೈ ಅಚ್ಚನ್ನು ಹಿಡಿದು ಸುಮ್ಮನಿರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತಿಗೆ ಹಾಗೆ ಒತ್ತಿದರೆ ಅಮ್ಮ, “ಏನಮ್ಮ, ಮಗುವಿನ ಕೆನ್ನೆ ಹಿಂಡ್ತಿದ್ದೀಯಾ?” ಎಂದು ನಗುತ್ತಿದ್ದಳು.

ಯಜಮಾನರು ಬರುವ ಹಿಂದಿನ ದಿನ ಮಧ್ಯಾಹ್ನದ ಊಟವಾದ ಮೇಲೆ ಅಮ್ಮ ನಮ್ಮನ್ನೆಲ್ಲ ಕಾರ್ಖಾನೆಗೆ ಕರೆದಳು. ಅಣ್ಣ, ಅತ್ತಿಗೆ, ನಾನು, ಅಣ್ಣನ ಮಗಳು. ಈ ಹುಡುಗಿಯನ್ನು ನಾವೆಲ್ಲ ಕಿಡಿ ಎನ್ನುತ್ತೇವೆ. ಹೆಸರು ಬಂದದ್ದು ಅವಳ ನಾಲಿಗೆಯಿಂದ. ಅಮ್ಮ ಮೇಣದ ಬುಟ್ಟಿಯ ಪಕ್ಕದಲ್ಲಿ ಕುಳಿತು, ಕುಲುಮೆಯ ಕಡೆ ನೋಡುತ್ತ ಹೇಳಿದಳು.

“ನಾಳೆ ಕಿಡಿ ತಟ್ಟಬಾರದು.”

“ತಟ್ಟದೆ ಇನ್ನೇನು ಮಾಡ್ಬೇಕಜ್ಜಿ? ಮುದ್ದಾಡ್ಬೇಕಾ?” ಎಂದಳು ಕಿಡಿ.

“ನಿನ್ನಮ್ಮನ ಹತ್ತಿರ ಕಲ್ತು ಹೆಬ್ಬೆರಳಲ್ಲಿ ಒತ್ತು. ಎಡಗೈ ಎತ್ತಬೇಡ. ಹೋದ ವರ್ಷ ನಿನ್ನ ಮಾವನ ಮಗಳು ಒತ್ತೋದ್ರಲ್ಲಿ ಎಲ್ಲೋ ತಪ್ಪಿರ್ಬೇಕು, ನೀನು ತಪ್ಪಬೇಡ. ಯಜಮಾನರು ಹಳೇ ಮನುಷ್ಯರು. ನಿನ್ನ ಎಡಗೈ ನೋಡಿದ್ರೆ ಅವರಿಗೆ ಗೊತ್ತಾಗಿಬಿಡುತ್ತೆ.”

“ಏನು ಗೊತ್ತಾಗುತ್ತೆ?” ಎಂದು ಅಣ್ಣ ಕೇಳಿದ.

ಅಮ್ಮ ಬಹಳ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಅದು ಕುಂಬಾರರ ಕೈ ಕಣೋ. ಮಡಕೆ ತಟ್ಟುವಾಗ ಬಲಗೈಲಿ ಹಲಗೆ, ಹೊರಗಡೆಯಿಂದ ತಟ್ಟೋಕೆ. ಎಡಗೈಲಿ ಕಲ್ಲು, ಒಳಗಡೆಯಿಂದ ಆನಿಸಿ ಹಿಡಿಯೋಕೆ. ನಿಮ್ಮಜ್ಜ ಕುಂಬಾರ. ನಿಮ್ಮಪ್ಪ ಹುಟ್ಟಿದಾಗ ಕುಂಬಾರ, ಸತ್ತಾಗ ಕಂಚುಗಾರ. ನಾನೂ ಕುಂಬಾರರ ಮಗಳೇ.”

ಅಣ್ಣ ತನ್ನ ಎಡಗೈಯನ್ನು ನೋಡಿಕೊಂಡ. ಅದು ಬೇರೆಯವರದು ಎಂಬಂತೆ ನೋಡಿಕೊಂಡ.

“ಅಜ್ಜ ಸುಳ್ಳು ಹೇಳಿ ಸೇರಿಕೊಂಡರಾ?” ಎಂದೆ ನಾನು.

“ಸುಳ್ಳು ಎಲ್ಲಿ ಬಂತೋ? ನೀನು ಲೆಕ್ಕದ ಮೇಷ್ಟ್ರಲ್ವಾ, ನೀನೇ ಹೇಳು. ಕಂಚುಗಾರರಿಗೆ ಅಚ್ಚಿನ ಮಣ್ಣು ಬೇಕಿತ್ತು, ನಿಮ್ಮಜ್ಜ ಮಣ್ಣು ತಂದು ಕೊಟ್ಟರು. ಕಲಸಿ ಕೊಡು ಅಂದ್ರು, ಕಲಸಿ ಕೊಟ್ಟರು. ನೀನೇ ಮೆತ್ತು ಅಂದ್ರು, ಮೆತ್ತಿದರು. ಒಂದು ದಿನ ಮೂಸೆ ಹಿಡಿಯೋಕೆ ಆಳು ಸಾಲಲಿಲ್ಲ, ಮೂಸೆನೂ ಹಿಡಿದರು. ಆಮೇಲೆ ಹೊಟ್ಟೆಪಾಡಿಗೆ ಈ ಊರಿಗೆ ಬಂದರು. ‘ನೀನ್ಯಾರಪ್ಪ?’ ಅಂತ ಕೇಳಿದ್ರು. ‘ಗಂಟೆ ಎರೆಯೋನು’ ಅಂದರು. ಇದರಲ್ಲಿ ಯಾವ ಮಾತು ಸುಳ್ಳು?”

ಮಣ್ಣು ತರುವುದರಿಂದ ಮೂಸೆ ಹಿಡಿಯುವವರೆಗೆ ಒಂದೊಂದೇ ಹೆಜ್ಜೆಯನ್ನು ಮನಸ್ಸಿನಲ್ಲಿ ಇಟ್ಟು ನೋಡಿದೆ. ಕುಂಬಾರ ಮುಗಿದು ಕಂಚುಗಾರ ಮೊದಲಾಗುವ ಗೆರೆ ಯಾವ ಎರಡು ಹೆಜ್ಜೆಗಳ ನಡುವೆಯೂ ಸಿಕ್ಕಲಿಲ್ಲ. ಕುಲವೆಂಬುದು ಹುಟ್ಟಿನೊಡನೆ ಬಂದು ಚಿತೆಯವರೆಗೆ ಬದಲಾಗದ ಅಂಕೆಯೆಂದು ನಾನು ತಿಳಿದಿದ್ದೆ. ಅದು ನನ್ನ ಅಜ್ಜನ ಕೈಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಮೇಣ ಕರಗುವ ಹಾಗೆ ಕರಗಿ, ಮತ್ತೊಂದಾಗಿತ್ತು.

“ಇಲ್ಲಿಯ ಕಂಚುಗಾರರಿಗೆ ತಿಳಿಯಲಿಲ್ವಾ?” ಎಂದ ಅಣ್ಣ.

“ಆಗಿನ ಹಳಬರಿಗೆ ಎಲ್ಲ ಗೊತ್ತಿತ್ತು. ಕೆಲಸ ನೋಡಿದ್ರು, ಕುಲುಮೆಗೆ ಕೆಂಡ ಕೊಟ್ಟರು, ಪಂಕ್ತಿಲಿ ಕೂರಿಸಿದ್ರು. ಹೆಣ್ಣು ಮಾತ್ರ ಕೊಡಲಿಲ್ಲ. ಅದಕ್ಕೇ ನಿಮ್ಮಪ್ಪನಿಗೆ ನನ್ನನ್ನ ತಂದದ್ದು. ನಿನ್ನ ಹೊತ್ತಿಗೆ ಆ ಹಳಬರು ಯಾರೂ ಇರಲಿಲ್ಲ. ಹೆಣ್ಣೂ ಕೊಟ್ಟರು.”

ಹೀಗೆಂದು ಅಮ್ಮ ಅತ್ತಿಗೆಯ ಕಡೆ ನೋಡಿದಳು. ಕೊಟ್ಟ ಹೆಣ್ಣು ಅಲ್ಲೇ ಕುಳಿತಿದ್ದಳು. ಅತ್ತಿಗೆಯ ಮುಖ ಕೆಂಪಾಗಿತ್ತು.

“ಅಂದ್ರೆ ನಾನು ಒತ್ತುತ್ತಿದ್ದದ್ದೇ ಕಂಚುಗಾರರ ಕೈ,” ಎಂದಳು ಅತ್ತಿಗೆ. “ಇಷ್ಟು ವರ್ಷ ನೀವು ನಕ್ಕಿದ್ದು ಅದಕ್ಕೆ.”

“ಹೂಂ, ತಾಯಿ.”

“ಒಳ್ಳೆ ಕಥೆ! ಮಗುವಿನ ಕೆನ್ನೆಯಂತೆ, ಕೆನ್ನೆ!” ಎಂದು ಅತ್ತಿಗೆ ಎದ್ದು ಒಳಗೆ ಹೋದಳು. ಪಾತ್ರೆಗಳು ಜೋರಾಗಿ ಸದ್ದು ಮಾಡಿದವು. ಸ್ವಲ್ಪ ಹೊತ್ತಿಗೆ ತಿರುಗಿ ಬಂದು, ಮಗಳ ಕೈ ಹಿಡಿದು ಅಚ್ಚಿನ ಮುಂದೆ ಕೂರಿಸಿದಳು. ಒತ್ತುವುದನ್ನು ಕಲಿಸತೊಡಗಿದಳು.

ನನಗೆ ಬೇರೊಂದು ಯೋಚನೆ ಬಂದಿತ್ತು. ಅಮ್ಮನಿಗೆ ತವರೇ ಇಲ್ಲವೆಂದು ನಾವು ಕೇಳಿಕೊಂಡು ಬೆಳೆದವರು. ಆದರೆ ವರ್ಷಕ್ಕೊಮ್ಮೆ ನಮ್ಮ ಬಾಗಿಲಿಗೆ ಮಡಕೆ ಮಾರುವವನೊಬ್ಬ ಬರುತ್ತಿದ್ದ. ಅಮ್ಮ ಪ್ರತಿಯೊಂದು ಮಡಕೆಯನ್ನೂ ಬೆರಳಿನಿಂದ ತಟ್ಟಿ ಕೇಳುತ್ತಿದ್ದಳು, ಗಂಟೆಗಟ್ಟಲೆ ಚೌಕಾಸಿ ಮಾಡುತ್ತಿದ್ದಳು. ಅವನು ಹೊರಡುವಾಗ ನಮಗೆ ಮಣ್ಣಿನ ಪೀಪಿ ಕೊಟ್ಟು ತಲೆ ಸವರುತ್ತಿದ್ದ. ಅಮ್ಮ ಜಿಪುಣಿ ಎಂದು ನಾವು ಮಕ್ಕಳು ನಾಚುತ್ತಿದ್ದೆವು.

“ಅಮ್ಮ, ಆ ಮಡಕೆಯವನು...”

“ನಿನ್ನ ಸೋದರಮಾವ,” ಎಂದಳು ಅಮ್ಮ. “ಚೌಕಾಸಿ ಮುಗಿದ್ರೆ ಹೊರಟುಬಿಡ್ತಿದ್ದ. ಅದಕ್ಕೇ ಮುಗಿಸ್ತಿರಲಿಲ್ಲ.”

ಸಂಜೆಯವರೆಗೂ ಅಭ್ಯಾಸ ನಡೆಯಿತು. ಕಿಡಿಯ ಎಡಗೈ ಹೇಳಿದ ಮಾತು ಕೇಳಲಿಲ್ಲ. ಅಣ್ಣ ತಾನು ತೋರಿಸುತ್ತೇನೆಂದು ಬಂದು, ಎಡಗೈಯನ್ನು ಬೆನ್ನ ಹಿಂದೆ ಟವೆಲ್ಲಿನಿಂದ ಕಟ್ಟಿಸಿಕೊಂಡು, ಬಲಗೈಯಿಂದ ತಟ್ಟಿದ. ಪೆಟ್ಟು ಭಾರವಾಗಿ ಬಿತ್ತು. ಮಣ್ಣು ಚಕ್ಕೆಯಾಗಿ ಜಾರಿ ಅವನ ಮಡಿಲಿಗೆ ಬಂತು.

“ಅಪ್ಪ, ಎಡಗೈ ಕಟ್ಟಿದ್ರೆ ಬಲಗೈಗೂ ಬುದ್ಧಿ ಹೋಗುತ್ತಲ್ಲ!” ಎಂದು ಕಿಡಿ ನಕ್ಕಳು. ಅಣ್ಣ ನಗಲಿಲ್ಲ. ಆಗಲೇ ನಾನು ಗಮನಿಸಿದ್ದು: ಗಾಳಿಗೆ ಬೀಳುವ ಆ ಪೆಟ್ಟೇ ಬಲಗೈಯ ಭಾರವನ್ನು ಹೊರುತ್ತಿತ್ತು. ಎರಡು ಕೈಗಳೂ ಒಟ್ಟಿಗೆ ಬಿದ್ದರೆ ಮಾತ್ರ ಅಂಗೈ ಹಗುರವಾಗಿ ಇಳಿಯುತ್ತಿತ್ತು. ಕಲ್ಲು ಹೋಗಿ ಎಷ್ಟೋ ಕಾಲವಾಗಿತ್ತು. ಅದು ಕಲಿಸಿದ ಅಳತೆ ಉಳಿದಿತ್ತು.

ಮರುದಿನ ಬೆಳಿಗ್ಗೆ ಯಜಮಾನರು ಬಂದರು. ಬಾಗಿಲಿಗೆ ತಲೆ ತಗ್ಗಿಸಬೇಕಾದಷ್ಟು ಎತ್ತರದ ಮನುಷ್ಯ. ಹುಬ್ಬು ಪೂರ್ತಿ ಬೆಳ್ಳಗಾಗಿತ್ತು, ಮುಂಗೈ ತುಂಬ ಕಂಚು ಸಿಡಿದ ಕಲೆಗಳು. ಜೊತೆಯಲ್ಲಿ ಅವರ ತಂಗಿ. ಆಕೆಯ ಕಣ್ಣು ಮನೆಯ ಸೂರಿನಿಂದ ಹಿಡಿದು ನೀರಿನ ಹಂಡೆಯವರೆಗೆ ಎಲ್ಲಕ್ಕೂ ಬೆಲೆ ಕಟ್ಟುತ್ತ ಬಂತು.

“ಹುಡುಗ ಚೆನ್ನಾಗಿದ್ದಾನಾ?” ಎಂದು ಅಣ್ಣ ಉಪಚಾರಕ್ಕೆ ಕೇಳಿದ.

“ಚೆನ್ನಾಗಿದ್ದಾನೆ. ಊಟ ಮಾಡ್ತಾನೆ, ನಿದ್ದೆ ಮಾಡ್ತಾನೆ,” ಎಂದರು ಯಜಮಾನರು. “ಕೆಲಸ ನಿಮ್ಮ ಹುಡುಗಿ ಮಾಡ್ತಾಳೋ ನೋಡೋಣ ಅಂತ ಬಂದೆ.”

ಹೆಂಚಿನ ನಡುವಿನ ಗಾಜಿನಿಂದ ಬೆಳಕು ಅಚ್ಚಿನ ಮೇಲೆ ಬೀಳುತ್ತಿತ್ತು. ಮೇಣದ ಗಂಟೆ ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಕಿಡಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತಳು. ಯಜಮಾನರು ಗೋಡೆಗೆ ಒರಗಿದರು. ಅಮ್ಮ ಕುಲುಮೆಯ ಹಿಂದೆ ನೆರಳಿನಲ್ಲಿದ್ದಳು. ಅತ್ತಿಗೆ ಬಾಗಿಲ ಬಳಿ ನಿಂತಿದ್ದಳು, ಒಳಗೂ ಅಲ್ಲ, ಹೊರಗೂ ಅಲ್ಲ.

ಕಿಡಿ ಹೇಳಿಕೊಟ್ಟಂತೆಯೇ ಮೊದಲು ಮಾಡಿದಳು. ಎಡಗೈ ಅಚ್ಚನ್ನು ಹಿಡಿದಿತ್ತು. ಹೆಬ್ಬೆರಳು ಮಣ್ಣನ್ನು ಒತ್ತುತ್ತಿತ್ತು. ನಮ್ಮ ಗುಟ್ಟು ಉಳಿಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ ಯಜಮಾನರ ಮುಖ ಕಣ್ಣಿಗೆ ಬಿತ್ತು. ಅದು ಕಪ್ಪಿಟ್ಟಿತ್ತು. ಅವರು ತಂಗಿಯ ಕಡೆ ನೋಡಿದರು. ಆಕೆ ತುಟಿ ಕೊಂಕಿಸಿದಳು. ಯಜಮಾನರ ಕೈ ಮೆಲ್ಲಗೆ ನೆಲಕ್ಕೆ ಊರಿತು. ಏಳುವವರು ಊರುವ ಹಾಗೆ.

ಕಿಡಿಗೆ ಅದು ಕಾಣಲಿಲ್ಲ. ಅವಳಿಗೆ ಕಂಡದ್ದು ತನ್ನ ಮಣ್ಣು ಮಾತ್ರ. ಒಂದು ದಿನದಲ್ಲಿ ಕಲಿತ ಹೆಬ್ಬೆರಳು ಸೋತಿತ್ತು. ಗಂಟೆಯ ಭುಜದ ಬಳಿ ಮಣ್ಣು ಬಾಯಿ ಬಿಡುತ್ತಿತ್ತು. ಅವಳು ಒಮ್ಮೆ ನಿಟ್ಟುಸಿರು ಬಿಟ್ಟು, ಎರಡೂ ಕೈಗಳನ್ನು ಸೀರೆಗೆ ಒರೆಸಿ, “ಇದು ನನ್ನ ಕೈಲಾಗಲ್ಲ ಚಿಕ್ಕಪ್ಪ” ಎಂದು, ಮಾತನಾಡಬಾರದೆಂಬುದನ್ನೂ ಮರೆತು, ಎಲ್ಲರಿಗೂ ಕೇಳುವಂತೆ ನನಗೆ ಹೇಳಿ, ತಟ್ಟತೊಡಗಿದಳು.

ಬಲಗೈ ಬಿತ್ತು. ಎಡ ಮುಷ್ಟಿ ಎದ್ದು ಗಾಳಿಗೆ ಬಿತ್ತು. ಮತ್ತೆ ಬಲಗೈ, ಮತ್ತೆ ಮುಷ್ಟಿ. ಅಣ್ಣ ಕಣ್ಣು ಮುಚ್ಚಿದ. ಎರಡು ಕೈಗಳು ಅಚ್ಚಿನ ಸುತ್ತ ಒಂದನ್ನೊಂದು ಹಿಂಬಾಲಿಸಿದವು. ಬಾಯಿ ಬಿಟ್ಟಿದ್ದ ಮಣ್ಣು ಕೂಡಿಕೊಂಡಿತು. ಕಾರ್ಖಾನೆಯಲ್ಲಿ ಆ ಮಿದುವಾದ ಸದ್ದೊಂದೇ ಇತ್ತು.

ಗಂಟೆಯನ್ನು ತೂಗುಹಾಕುವ ಮೇಲಿನ ಬಳೆಯ ಬಳಿ ಒಂದು ಹಿಡಿ ಮಣ್ಣಿನಷ್ಟು ಜಾಗ ಉಳಿಸಿ ಕಿಡಿ ಕೈ ನಿಲ್ಲಿಸಿದಳು. ಯಜಮಾನರು ಎದ್ದರು. ಅವರ ಹೆಜ್ಜೆ ಬಾಗಿಲ ಕಡೆಗೆ ತಿರುಗುವುದೆಂದು ನಾನು ಕಾದೆ. ಅವರು ಅಚ್ಚಿನ ಕಡೆಗೆ ಬಂದು ಕುಕ್ಕರಗಾಲಿನಲ್ಲಿ ಕುಳಿತು, ತೋಳು ಮಡಿಸಿ, ಕೊನೆಯ ಹಿಡಿ ಮಣ್ಣನ್ನು ತೆಗೆದುಕೊಂಡು ಮೆತ್ತಿದರು. ಬಲ ಅಂಗೈಯಿಂದ ತಟ್ಟಿದರು.

ಅವರ ಎಡಗೈ ಮುಷ್ಟಿ ಕಟ್ಟಿ ಗಾಳಿಗೆ ಬಿತ್ತು.

ನಾನು ತಪ್ಪು ನೋಡಿದೆನೆಂದು ತಿಳಿದು ಮತ್ತೆ ನೋಡಿದೆ. ಬಲಗೈ, ಮುಷ್ಟಿ, ಬಲಗೈ, ಮುಷ್ಟಿ. ನನ್ನ ಅಮ್ಮನ ಕೈಯ ಅದೇ ಲಯ, ಅದೇ ಸರಿದಾಟ. ಕುಲುಮೆಯ ಹಿಂದೆ ಅಮ್ಮ ಎದ್ದು ನಿಂತಿದ್ದಳು.

“ಅಬ್ಬಾ,” ಎಂದರು ಯಜಮಾನರು, ಈಗ ಮಾತಿಗೆ ಅಡ್ಡಿಯಿರಲಿಲ್ಲ. “ಮೊದಲು ಹೆದರಿಸಿಬಿಟ್ಟೆಯಲ್ಲ ಮಗಳೇ! ಹೆಬ್ಬೆರಳು ಒತ್ತುತ್ತಾ ಕೂತಿದ್ದೆ, ನಿಮ್ಮಮ್ಮನ ಮನೆ ಕೈ ಬಂದಿದೆ ಅಂದುಕೊಂಡೆ. ಅಲ್ಲ, ಮುಷ್ಟಿ ಇದೆ. ಈ ಮುಷ್ಟಿ ಇದೆಯಲ್ಲ, ಇದೇ ನಿಜವಾದ ಕಂಚುಗಾರರ ಗುರುತು. ನಮ್ಮ ತಾತ ಹೇಳ್ತಿದ್ದರು, ಎಡಗೈ ಸುಮ್ಮನಿದ್ದರೆ ಅವನು ನಮ್ಮವನಲ್ಲ, ನಡುವೆ ಬಂದು ಸೇರಿಕೊಂಡೋನು ಅಂತ.”

“ಕುಂಬಾರರೋ ಯಾರೋ,” ಎಂದು ತಂಗಿ ಸೇರಿಸಿದಳು. “ಮಣ್ಣು ತುಳಿಯೋರೆಲ್ಲ ಮೂಸೆ ಹಿಡಿದ್ರೆ ಕಂಚುಗಾರರಾಗ್ತಾರಾ?” ಬಾಗಿಲಲ್ಲಿ ನಿಂತಿದ್ದವಳ ಕಡೆಗೆ ತಿರುಗಿ, “ನಿಮ್ಮ ಅಣ್ಣನ ಮನೆಗೆ ಬೇಜಾರಾಗಿರಬಹುದು ತಾಯಿ. ಏನು ಮಾಡೋದು, ಕೈ ಹೇಳ್ತು. ನಿಮ್ಮ ಪುಣ್ಯ, ಮಗಳಿಗೆ ನಿಮ್ಮ ಅತ್ತೆ ಮನೆ ಕೈ ಬಂತು” ಎಂದಳು.

ಕಿಡಿಯ ಮದುವೆ ಗೊತ್ತಾಗಿತ್ತು. ಕೊನೆಯ ಹಿಡಿ ಮಣ್ಣು ಅಚ್ಚಿನ ಮೇಲೆ ಕುಳಿತಿತ್ತು. ನಾವೆಲ್ಲ ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಎಲ್ಲವೂ ಸರಿಯಾಗಿ ಮುಗಿಯುತ್ತಿತ್ತು. ಅತ್ತಿಗೆಯ ಕಣ್ಣಿನಿಂದ ನೀರು ಇಳಿದು ಗಲ್ಲದವರೆಗೆ ಬಂದುದನ್ನು ನಾನು ನೋಡಿದೆ. ಅಮ್ಮನೂ ನೋಡಿದಳು.

ಕಾರ್ಖಾನೆಯ ಬಾಗಿಲು ಗಾಳಿಗೆ ಬಡಿಯದಂತೆ ಆನಿಸಿಟ್ಟ ಒಂದು ಕಲ್ಲಿತ್ತು. ನನಗೆ ಬುದ್ಧಿ ಬಂದಾಗಿನಿಂದ ಅದು ಅಲ್ಲೇ ಇತ್ತು. ಮನೆಯಲ್ಲಿ ಅದಕ್ಕೆ ಎಡವದ ಕಾಲಿರಲಿಲ್ಲ. ಅಮ್ಮ ಬಂದು, ಬಗ್ಗಿ, ಅದನ್ನು ಎತ್ತಿಕೊಂಡಳು. ಬಾಗಿಲು ಧಡಾರನೆ ಬಡಿಯಿತು. ಅವಳು ಕಲ್ಲನ್ನು ಸೆರಗಿನಿಂದ ಒರೆಸಿ, ಯಜಮಾನರ ಮುಂದೆ ಕುಳಿತಳು.

“ಎಡಗೈ ಕೊಡಿ ಯಜಮಾನರೇ.”

“ಏನಮ್ಮ ಇದು?”

“ಇಷ್ಟು ದಿನ ಅದು ಖಾಲಿ ಇತ್ತು. ಕೊಡಿ.”

ಅವರು ಕೈ ಚಾಚಿದರು. ಅಮ್ಮ ಕಲ್ಲನ್ನು ಅವರ ಮುಷ್ಟಿಯೊಳಗೆ ಇಟ್ಟಳು. ಒಂದು ಬದಿ ದುಂಡಗೆ, ನುಣ್ಣಗೆ. ಇನ್ನೊಂದು ಬದಿಯಲ್ಲಿ ಹಿಡಿಯಲು ತೋಡು. ಯಜಮಾನರ ಹೆಬ್ಬೆರಳು ತಾನಾಗಿ ಆ ತೋಡಿಗೆ ಹೋಗಿ ಕುಳಿತಿತು. ಅವರ ಬೆರಳುಗಳು ಕಲ್ಲನ್ನು ಸುತ್ತಿ ಮುಚ್ಚಿಕೊಂಡವು. ಗಾಳಿಗೆ ಬೀಳುತ್ತಿದ್ದ ಆ ಮುಷ್ಟಿಯ ಆಕಾರವೂ ಇದೂ ಒಂದೇ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿರಲಿಲ್ಲ. ಮೇಣ ಬಿಟ್ಟುಹೋದ ಟೊಳ್ಳಿಗೆ ಕಂಚು ಇಳಿದದ್ದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಅಂದಿನಂತೆ ಎಂದೂ ನೋಡಿಲ್ಲ.

“ಇದು ಮಡಕೆ ತಟ್ಟೋ ಕಲ್ಲು,” ಎಂದಳು ಅಮ್ಮ. “ಕುಂಬಾರರದ್ದು. ನಮ್ಮ ಮಾವನವರದ್ದು. ನಮ್ಮ ಮನೆಯ ಮುಷ್ಟಿ ಇಲ್ಲಿಂದ ಬಂತು. ಎಡಗೈ ಸುಮ್ಮನಿಟ್ಟು ಒತ್ತುತ್ತಾರಲ್ಲ, ನನ್ನ ಸೊಸೆಯ ತವರಿನವರು, ಅವರೇ ಮೊದಲಿನಿಂದ ಕಂಚುಗಾರರು. ನಮ್ಮ ಹುಡುಗಿ ಬೇಡ ಅಂದ್ರೆ ಬೇಡ ಅನ್ನಿ. ಆ ಮನೆಯನ್ನ ಮಾತ್ರ ಹಾಗನ್ನಬೇಡಿ.”

ಯಜಮಾನರ ತಂಗಿ ಎದ್ದು ನಿಂತಳು.

“ಏಳಣ್ಣ. ಹೋಗೋಣ. ಇದೇನು ಮನೆ ಇದು!”

ಯಜಮಾನರು ಏಳಲಿಲ್ಲ. ಅವರು ಮುಷ್ಟಿಯನ್ನು ಬಿಚ್ಚಿ ಕಲ್ಲನ್ನು ನೋಡುತ್ತಿದ್ದರು, ಮುಚ್ಚುತ್ತಿದ್ದರು, ಮತ್ತೆ ಬಿಚ್ಚುತ್ತಿದ್ದರು.

“ಕೂತ್ಕೋ,” ಎಂದರು ತಂಗಿಗೆ. “ಇದನ್ನ ನೀನೂ ನೋಡಿದ್ದೀಯ.”

“ನಾನೆಲ್ಲಿ ನೋಡ್ಲಿ?”

“ದಿನಾ ನೋಡ್ತೀಯ. ದಿನಾ ಹೂವಿಡ್ತೀಯ.”

ಆಕೆ ಮುಂದೆ ಬಗ್ಗಿ ನೋಡಿದಳು. ಬಾಯಿಯ ಮೇಲೆ ಕೈ ಇಟ್ಟುಕೊಂಡು ನೆಲದ ಮೇಲೆ ಕುಸಿದಳು.

“ನಮ್ಮ ದೇವರ ಗೂಡಿನಲ್ಲಿ ಇಂಥದ್ದೊಂದಿದೆ,” ಎಂದರು ಯಜಮಾನರು, ಯಾರ ಮುಖವನ್ನೂ ನೋಡದೆ. “ಮೂಲದ ಕಲ್ಲು ಅಂತೀವಿ. ನಮ್ಮ ವಂಶದ ಮೊದಲನೆಯವರು ತಂದದ್ದು ಅಂತ ತಾತ ಹೇಳಿದ್ದರು. ಯಾಕೆ ತಂದರು, ಏನಕ್ಕೆ ತಂದರು, ಯಾರಿಗೂ ಗೊತ್ತಿಲ್ಲ. ಕುಲುಮೆ ಹಚ್ಚುವ ಮೊದಲು ಅದಕ್ಕೆ ಕೈ ಮುಗೀತೀವಿ. ಮುಟ್ಟಬಾರದು ಅಂತಿದೆ. ಹೆಬ್ಬೆರಳಿನ ತೋಡನ್ನ ದೇವರ ಹೆಜ್ಜೆ ಗುರುತು ಅಂದುಕೊಂಡಿದ್ದೆ ನಾನು.”

ಆಗ ನನಗೆ ಅರ್ಥವಾದದ್ದನ್ನು ಸರಿಯಾಗಿ ಹೇಳಬಲ್ಲೆನೋ ಇಲ್ಲವೋ. ಎಲ್ಲರಿಗಿಂತ ಹಳೆಯ ಕುಲುಮೆ ಎನ್ನಿಸಿಕೊಂಡ ಮನೆಗೂ ಮಣ್ಣು ಹೊತ್ತು ತಂದವನೊಬ್ಬ ಮೊದಲು ಬಂದಿದ್ದ. ಅವನಿಗೂ ಯಾರೋ ಕೆಂಡ ಕೊಟ್ಟಿದ್ದರು. ಅವನ ಮೊಮ್ಮಕ್ಕಳು ಬಾಗಿಲು ಕಾಯಲು ಕುಳಿತು, ಅವನ ಕೈಯ ಗುರುತನ್ನೇ ಬೀಗದ ಕೈಯಾಗಿ ಮಾಡಿಕೊಂಡು, ಮೊದಲಿನಿಂದ ಒಳಗಿದ್ದವರನ್ನು ಹೊರಗೆ ನಿಲ್ಲಿಸಿದ್ದರು. ಹಾಗಾದರೆ ಅತ್ತಿಗೆಯ ತವರಿನ ಆ ಹೆಬ್ಬೆರಳು? ಅದು ಏನನ್ನು ಒತ್ತಿ ಕಲಿತದ್ದು? ಯಾವ ಕಸುಬಿನಿಂದ ಬಂದದ್ದು? ಅಮ್ಮ ಮೊದಲಿನಿಂದ ಎಂದಳು. ಆ ಮೊದಲು ಎಲ್ಲಿದೆ ಎಂದು ಹಿಂದಕ್ಕೆ ಎಣಿಸುತ್ತ ಹೋದೆ, ಎಣಿಕೆ ನಿಲ್ಲಲಿಲ್ಲ.

“ಇದರಲ್ಲಿ ಹೇಗಮ್ಮ ತಟ್ಟೋದು?” ಎಂದು ಯಜಮಾನರು ಕೇಳಿದರು.

ಅಮ್ಮ ಮಿಕ್ಕ ಮಣ್ಣಿನಿಂದ ಒಂದು ಮುದ್ದೆ ತೆಗೆದು, ಹಿಚುಕಿ, ದಪ್ಪ ಗೋಡೆಯ ಒಂದು ಗಡಿಗೆಯಂತೆ ಎಬ್ಬಿಸಿದಳು. ಅವಳ ಬೆರಳುಗಳು ಅದನ್ನು ಮಾಡಿ ಒಂದು ಆಯುಷ್ಯವೇ ಆಗಿತ್ತು, ಆದರೂ ತಡವರಿಸಲಿಲ್ಲ. ಕಿಡಿ ಹೊರಗಿನಿಂದ ಹಲಗೆಯೊಂದನ್ನು ತಂದು ಕೊಟ್ಟಳು. ಯಜಮಾನರು ಎಡಗೈಯನ್ನು ಕಲ್ಲಿನೊಡನೆ ಗಡಿಗೆಯೊಳಗೆ ಇಳಿಸಿದರು. ಬಲಗೈಯಿಂದ ಹೊರಗೆ ತಟ್ಟಿದರು.

ಮುಷ್ಟಿ ಎದ್ದಿತು. ಈ ಸಲ ಅದಕ್ಕೆ ಗೋಡೆ ಸಿಕ್ಕಿತು.

ಕಾರ್ಖಾನೆಯಲ್ಲಿ ಕೇಳಿಬಂದ ಸದ್ದು ಬೇರೆಯಾಗಿತ್ತು. ತುಂಬಿದ, ಆಳವಾದ ಸದ್ದು. ಅವರು ಮತ್ತೆ ತಟ್ಟಿದರು. ಗಡಿಗೆಯ ಗೋಡೆ ತೆಳುವಾಗುತ್ತ, ಹೊರಕ್ಕೆ ಉಬ್ಬುತ್ತ, ಸುತ್ತಲೂ ಒಂದೇ ದಪ್ಪಕ್ಕೆ ಬಂತು. ಯಾರೂ ಕಲಿಸಲಿಲ್ಲ. ಆ ಎರಡು ಕೈಗಳು ಎಷ್ಟೋ ತಲೆಮಾರಿನಿಂದ ಈ ಗಡಿಗೆಗಾಗಿ ಗಾಳಿಯಲ್ಲಿ ಕಾದಿದ್ದವು ಎಂಬಂತೆ ಅದು ಬೆಳೆಯಿತು. ಯಜಮಾನರ ಬಿಳಿ ಹುಬ್ಬಿನ ಕೆಳಗೆ ಕಣ್ಣು ತುಂಬಿತ್ತು. ತಂಗಿ ಗೋಡೆಗೆ ಒರಗಿ ಕುಳಿತು, ಮಾತಿಲ್ಲದೆ, ಕೈ ನೋಡುತ್ತಿದ್ದಳು.

ಕೊನೆಗೆ ಅವರು ಕಲ್ಲನ್ನು ಹೊರಗೆ ತೆಗೆದು ಅಮ್ಮನ ಮುಂದೆ ಇಟ್ಟರು. ಗಡಿಗೆಯ ಬಾಯಿಯ ಬಳಿ ಒಂದು ಹಿಡಿ ಮಣ್ಣಿನಷ್ಟು ಜಾಗವನ್ನು ಅವರೂ ಉಳಿಸಿದ್ದರು.

“ನಿಮ್ಮ ಹುಡುಗಿಯ ಕೈಯನ್ನ ನಾನು ನೋಡಿದೆ,” ಎಂದರು. “ನಮ್ಮ ಮನೆಯ ಕೈಯನ್ನ ಈಗ ನೀವು ನೋಡಿದ್ರಿ. ಒಪ್ಪಿಗೆಯಾ ತಾಯಿ?”

ಅಮ್ಮ ಕೂಡಲೇ ಮಣ್ಣು ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತ ಸೊಸೆಯ ಕಡೆ ಕೈ ತೋರಿಸಿದಳು.

“ನನ್ನನ್ನಲ್ಲ. ಅವಳನ್ನ ಕೇಳಿ.”

ಯಜಮಾನರು ಮೊಣಕಾಲು ಹಿಡಿದು ಎದ್ದರು. ಅತ್ತಿಗೆಯ ಮುಂದೆ ಹೋಗಿ ನಿಂತರು. ಆ ಎತ್ತರದ ಮನುಷ್ಯ ತಲೆ ತಗ್ಗಿಸಿದ್ದು ಬಾಗಿಲಿಗಲ್ಲ.

“ತಂಗೀ, ನಿನ್ನ ಅಣ್ಣನ ಮನೆಗೆ ಈಗಲೇ ಹೋಗ್ತೀನಿ. ಅಲ್ಲಿ ಅರ್ಧಕ್ಕೆ ಎದ್ದು ಬಂದೆ. ಆ ಅಚ್ಚಿನ ಮುಂದೆ ಕೂತು, ಆ ಮಗು ಒತ್ತಿ ಮುಗಿಸೋವರೆಗೂ ನೋಡ್ತೀನಿ. ಮೂಸೆ ಹಿಡ್ಕೊಂಡು ನಾನೇ ಮೊದಲು ಅವರ ಕುಲುಮೆಗೆ ಹೋಗ್ತೀನಿ. ಅವಳಿಗೆ ಮನೆ ಹುಡುಕೋದೂ ನನ್ನ ಹೊಣೆ. ಸಾಕಾ?”

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡಳು. ನೇರವಾಗಿ ಗಡಿಗೆಯ ಬಳಿ ಬಂದು, ಒಂದು ಹಿಡಿ ಮಣ್ಣು ತೆಗೆದುಕೊಂಡು, ಉಳಿದಿದ್ದ ಜಾಗಕ್ಕೆ ಇಟ್ಟಳು. ತಟ್ಟಲಿಲ್ಲ. ಎಡಗೈಯಿಂದ ಗಡಿಗೆಯನ್ನು ಹಿಡಿದು, ಹೆಬ್ಬೆರಳಿನಿಂದ, ನಿಧಾನವಾಗಿ, ಒತ್ತಿದಳು.

“ಮಗುವಿನ ಕೆನ್ನೆ,” ಎಂದಳು ಅಮ್ಮ.

“ಸುಮ್ಮನಿರಿ ಅತ್ತೆ,” ಎಂದಳು ಅತ್ತಿಗೆ.

ಆ ಗಡಿಗೆಯನ್ನು ಅಚ್ಚಿನ ಜೊತೆಗೇ ಬೆಂಕಿಗೆ ಇಟ್ಟೆವು. ಎರಡೂ ಒಡೆಯದೆ ಬಂದವು. ಆ ಅಚ್ಚಿನಲ್ಲಿ ಎರೆದ ಗಂಟೆ ಕಿಡಿಯೊಡನೆ ಅವಳ ಗಂಡನ ಮನೆಗೆ ಹೋಯಿತು. ಗಡಿಗೆ ನಮ್ಮ ಕಾರ್ಖಾನೆಯಲ್ಲಿದೆ. ಬಾಯಿಯ ಬಳಿ ಅತ್ತಿಗೆಯ ಹೆಬ್ಬೆರಳಿನ ಗುರುತು ಹಾಗೇ ಉಳಿದಿದೆ. ಅದನ್ನು ನಾನು ಆಗಾಗ ಬೆರಳಿನಿಂದ ತಟ್ಟಿ ಕೇಳುತ್ತೇನೆ, ಅಮ್ಮ ಬಾಗಿಲಲ್ಲಿ ಕುಳಿತು ತನ್ನ ಅಣ್ಣನ ಮಡಕೆಗಳನ್ನು ತಟ್ಟಿ ಕೇಳುತ್ತಿದ್ದ ಹಾಗೆ. ಒಳಗಿನಿಂದ ಬರುವ ಸದ್ದು ಮಣ್ಣಿನದು. ಆದರೆ ನಿಲ್ಲಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ.